ಒಂದು ಸಾಲು ಕೆಳಗಿನ ಚಂದ್ರ

ಕನ್ನಡಕದ ಅಂಗಡಿಯವನಿಗೆ ಗೆಳೆಯರು ಇಟ್ಟ ಹೆಸರು ಕತ್ತಲಪ್ಪ. ಹಗಲೆಲ್ಲ ಜನರಿಗೆ ಕಣ್ಣು ಕಾಣುವಂತೆ ಮಾಡುವುದು ಅವನ ಕಸುಬು. ಯಾವತ್ತು ಎಷ್ಟು ಹೊತ್ತು ಏನೂ ಕಾಣದಷ್ಟು ಕತ್ತಲಿರುತ್ತದೆ ಎಂದು ಲೆಕ್ಕ ಹಾಕುವುದು ಹವ್ಯಾಸ. ಊರಿನ ಹತ್ತಾರು ಕ್ಯಾಮೆರಾ ಹುಚ್ಚರ ಸಂಘ ನಕ್ಷತ್ರಗಳ ಫೋಟೋ ತೆಗೆಯಲು ಗುಡ್ಡಕ್ಕೆ ಹೊರಡುತ್ತಿದ್ದುದು ಅವನ ಮಾತಿನ ಮೇಲೆ. ಸೂರ್ಯ ಮುಳುಗಿದರೆ ಸಾಲದು, ಸಂಜೆಯ ಬೆಳಕು ಪೂರ್ತಿ ಆರಬೇಕು, ಚಂದ್ರ ಇನ್ನೂ ಹುಟ್ಟಿರಬಾರದು. ಆ ನಡುವಿನ ಹೊತ್ತೇ ಅವರ ಬಂಡವಾಳ.

"ಮನೇಲಿ ಬಲ್ಬ್ ಹೋದ್ರೆ ಬದಲಾಯಿಸೋಕೆ ತಿಂಗಳು ಬೇಕು, ಆಕಾಶದ ದೀಪ ಆರೋದಕ್ಕೆ ಮಾತ್ರ ನಿಮಿಷದ ಲೆಕ್ಕ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಪುಣ್ಯಾತ್ಮ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಸಂಘದವರು ಹೋಗಿಬರುತ್ತಿದ್ದ ವ್ಯಾನು ಆಕೆಯ ತಮ್ಮನದು, ಓಡಿಸುವವನೂ ಅವನೇ. ಆ ಶನಿವಾರ, ಕ್ಷೀರಪಥ ಸಂಜೆಯಲ್ಲೇ ಚೆನ್ನಾಗಿ ಕಾಣುವ ವರ್ಷದ ಕೊನೆಯ ಅವಕಾಶ. ಏಳೂವರೆಯಿಂದ ಎಂಟೂವರೆವರೆಗೆ ಕತ್ತಲೆ ಎಂದು ಕತ್ತಲಪ್ಪ ಸಾರಿದ್ದ. ಇವರನ್ನು ಕರೆದೊಯ್ಯಲು ಖಾಲಿ ಬರುತ್ತಿದ್ದ ವ್ಯಾನು ದಾರಿಯಲ್ಲಿ ಪಂಕ್ಚರ್ ಆಯಿತು. ಎಲ್ಲರೂ ಗುಡ್ಡ ಮುಟ್ಟಿದಾಗ ಎಂಟೂವರೆ ಆಗಿಹೋಗಿತ್ತು.

ಆಗಷ್ಟೇ ಇಣುಕಬೇಕಿದ್ದ ಚಂದ್ರ ಮರಗಳ ಮೇಲೆ ಆರಾಮಾಗಿ ಕೂತಿದ್ದ. ಎಲ್ಲರೂ ಭಾವಮೈದುನನ ಮೇಲೆ ಹರಿಹಾಯ್ದರು. ಕತ್ತಲಪ್ಪ ಮಾತ್ರ ಅಷ್ಟು ಮೇಲೇರಿದ ಚಂದ್ರನನ್ನೇ ನೋಡಿದ. ಪಕ್ಕಕ್ಕೆ ಹೋಗಿ ಮೊಬೈಲಿನಲ್ಲಿ ಚಂದ್ರೋದಯದ ಪಟ್ಟಿ ತೆಗೆದ. ಶನಿವಾರದ ಬದಲು ಕೆಳಗಿನ ಭಾನುವಾರದ ಸಾಲು ಓದಿಬಿಟ್ಟಿದ್ದ. ದಿನದಿಂದ ದಿನಕ್ಕೆ ಚಂದ್ರ ಹೆಚ್ಚುಕಡಿಮೆ ಒಂದು ಗಂಟೆ ತಡವಾಗಿ ಹುಟ್ಟುತ್ತಾನೆ. ಇವತ್ತು ಅವನು ಹುಟ್ಟಿದ್ದು ಏಳೂವರೆಗೇ. ವ್ಯಾನು ಸರಿಯಾದ ಹೊತ್ತಿಗೆ ಬಂದಿದ್ದರೂ ಅವರ ಪಾಲಿಗೆ ಕತ್ತಲೆ ಇರುತ್ತಿರಲಿಲ್ಲ.

ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಸಂಘದ ಅಧ್ಯಕ್ಷರು, "ಇವರ ಲೆಕ್ಕ ಯಾವತ್ತಾದ್ರೂ ತಪ್ಪಿದ್ಯಾ? ಮುಂದಿನ ತಿಂಗಳಿಂದ ಬೇರೆ ವ್ಯಾನ್ ನೋಡೋಣ," ಎಂದರು. ಕತ್ತಲಪ್ಪ ತೆರೆದ ಬಾಯನ್ನು ಆಕಳಿಕೆ ಮಾಡಿ ಮುಚ್ಚಿದ.

ಮನೆಯಲ್ಲಿ ಹೆಂಡತಿ ತಮ್ಮನಿಗೆ ಫೋನಿನಲ್ಲೇ ಬೈದಳು. "ನಿನ್ನ ಭಾವನ ಮರ್ಯಾದೆ ಕಳೆದ್ಯಲ್ಲೋ." ಪಕ್ಕದಲ್ಲೇ ಊಟಕ್ಕೆ ಕೂತವನು ಅನ್ನ ಕಲೆಸುತ್ತಲೇ ಇದ್ದ. ನಾಚಿಕೆಯೆಂದರೆ ಅಂಥಿಂಥ ನಾಚಿಕೆಯಲ್ಲ. ಆದರೂ ಬಾಯಿ ಬಿಡಲಿಲ್ಲ.

ನಾಲ್ಕು ದಿನ ಕಳೆದು, ರಿಪೇರಿಗೆ ಕೊಟ್ಟಿದ್ದ ತನ್ನ ಕನ್ನಡಕ ಒಯ್ಯಲು ಭಾವಮೈದುನ ಅಂಗಡಿಗೆ ಬಂದ. ಎಂದಿನ ತಮಾಷೆ ಇಲ್ಲ, ಕೂರಲೂ ಇಲ್ಲ. ಕತ್ತಲಪ್ಪ ಕನ್ನಡಕದ ಗಾಜು ಒರೆಸಿದ, ಮತ್ತೆ ಒರೆಸಿದ. ಒರೆಸಲು ಇನ್ನೇನೂ ಉಳಿಯದಿದ್ದಾಗ ತಲೆ ತಗ್ಗಿಸಿಯೇ ಹೇಳಿದ.

"ಅವತ್ತು ತಪ್ಪು ನಂದು ಕಣೋ. ಮಾರನೇ ದಿನದ ಸಾಲು ನೋಡ್ಬಿಟ್ಟಿದ್ದೆ."

"ಗೊತ್ತು ಭಾವ. ನಾನು ಚಕ್ರ ಹಾಕಿ ಮುಗಿಸೋ ಹೊತ್ತಿಗೇ ಚಂದ್ರ ಮೇಲೆ ಬಂದಿದ್ದ. ಕೆಳಗೆ ಬಿದ್ದ ನಟ್ಟು ಬೆಳದಿಂಗಳಲ್ಲೇ ಸಿಕ್ತು."

"ಮತ್ತೆ ಅಷ್ಟು ಜನ ಬೈಯುವಾಗ ಯಾಕೆ ಸುಮ್ನಿದ್ದೆ?"

ಅವನು ಕನ್ನಡಕವನ್ನು ಜೇಬಿಗೆ ಹಾಕಿಕೊಂಡ. "ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಕತ್ತಲಪ್ಪ ಅಧ್ಯಕ್ಷರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡದ್ದು, ವ್ಯಾನು ಮತ್ತೆ ಗುಡ್ಡ ಹತ್ತಿದ್ದು ಆಮೇಲಿನ ಮಾತು. ಆ ಗಳಿಗೆಯಲ್ಲಿ, ಹುಡುಗ ಹೊರಟುಹೋಗುತ್ತಿದ್ದಂತೆ, ಅವನು ಅದೇ ಬಟ್ಟೆಯಿಂದ ಖಾಲಿ ಮೇಜಿನ ಗಾಜು ಒರೆಸತೊಡಗಿದ.