ಬಬಲೇಶ್ವರ ಬೋರ್ಡಿನ ಆಕಾಶದ ಗಾಡಿ

“ಅವ್ವಾ, ಲಾಡಲೇಸಾಬ ಕಾಕಾ ಮನಷ್ಯಾರನ್ನ ಮಾಯ ಮಾಡ್ತಾನಂತ. ಮಾಯ ಆದವರಿಗೆ ಊಟಕ್ಕ ಯಾರು ಹಾಕ್ತಾರ?”

ಐದು ವರ್ಷದ ತಾಯವ್ವ ಹೀಗೆ ಕೇಳಿದಾಗ ಅವಳ ತಾಯಿ ಸಾವಂತ್ರವ್ವ ಹೊಲಿಗೆ ಮಷೀನಿನ ಮುಂದೆ ಕೂತು ಹಳದಿ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಕಾಲು ನಿಲ್ಲಿಸದೆ, “ಮಾಯ ಆದಾವ ಬ್ಯಾರೆ ಕಡೆ ಇಳೀತಾನ. ಅಲ್ಲಿಯವರು ಹಾಕ್ತಾರ,” ಎಂದಳು.

“ಅಲ್ಲಿ ರೊಟ್ಟಿ ಇರ್ತಾವೇನ?”

“ಅದನ್ನ ಕಾಕಾಗ ಕೇಳು. ನಾಕ ವರ್ಷ ಬ್ಯಾರೆ ಕಡೆ ಉಂಡ ಬಂದಾನ.”

ಆ ಬೇರೆ ಕಡೆ ಎಂದರೆ ಕುವೇತ್. ಅಲ್ಲಿಗೆ ಹೋಗುವ ಮೊದಲು ಲಾಡಲೇಸಾಬ ವಿಜಾಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರಲ್ಲಿ ಬಸ್ಸಿನ ಮೈಗೆ ತಗಡು ಬಡಿಯುತ್ತಿದ್ದ. ತಿಕೋಟಾದವನು. ಅಪ್ಪ ಬುಡ್ಡೇಸಾಬ ಸಂತೆಯಲ್ಲಿ ಚಿಮಣಿ, ಬಕೀಟು ಮಾಡಿ ಮಾರುತ್ತಿದ್ದ. ಅಪ್ಪ ತೀರಿದ ಮೇಲೆ ತಗಡಿನ ಕತ್ತರಿ ಮಗನ ಕೈಗೆ ಬಂತು. ಸಾವಂತ್ರವ್ವನ ಗಂಡ ಭಾಗಪ್ಪ ಅದೇ ಗ್ಯಾರೇಜಿನ ಪೇಂಟರ. ಅವನು ಬಡಿದದ್ದಕ್ಕೆ ಇವನು ಬಣ್ಣ ಹಚ್ಚಬೇಕು. ಹಾಗಾಗಿ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಹಿಡಿಯುವಾಗಲೂ ಇಬ್ಬರೂ ನಡುವೆ ಒಂದೇ ಗೋಡೆ ಇರುವ ಮನೆಗಳನ್ನೇ ಹಿಡಿದರು.

ಲಾಡಲೇಸಾಬ ಮುಂಬೈಯಲ್ಲಿ ಹಡಗು ಹತ್ತಿದಾಗ ಹೆಂಡತಿ ಮದೀನಾಬಿ ಆರು ತಿಂಗಳ ಬಸುರಿ. ಎಪ್ಪತ್ತಾರನೇ ಇಸವಿಯಲ್ಲಿ ರಜೆಯ ಮೇಲೆ ಮರಳಿ ಬಂದಾಗ ಹೊಸ್ತಿಲಲ್ಲಿ ಆಡುತ್ತಿದ್ದ ಮಗಳು ಶಹಜಾದಿ ಒಳಗೆ ಓಡಿಹೋಗಿ, “ಅಮ್ಮಾ, ಯಾರೋ ಮಾಮಾ ಬಂದಾರ” ಎಂದು ಸುದ್ದಿ ಮುಟ್ಟಿಸಿದಳು. ಅವನು ತಂದ ಗೊಂಬೆ ಅವಳಿಗೆ ಬೇಕಾಯಿತು, ಬಿಸ್ಕೀಟಿನ ಡಬ್ಬಿ ಬೇಕಾಯಿತು. ಅವನು ಮಾತ್ರ ಕುವೇತ್ ಮಾಮಾ ಆಗಿಯೇ ಉಳಿದ. ಎತ್ತಿಕೊಂಡರೆ ಮೈ ಸೆಟೆಸಿ ಕೆಳಗೆ ಜಾರುತ್ತಿದ್ದಳು.

“ರಜಾ ಮುಗಿಯೂದ್ರಾಗ ಒಮ್ಮೆ ಅಬ್ಬಾ ಅನ್ನಿಸ್ಕೊಂಡ ಹೋದ್ರ ಸಾಕ್ರಿ ವೈನಿ,” ಎಂದು ಅವನು ಸಾವಂತ್ರವ್ವನ ಮುಂದೆ ಹೇಳಿಕೊಂಡಿದ್ದ. “ನಾ ಎಲ್ಲಿಗೆ ಹೋಗಿದ್ದೆ, ಹೆಂಗ ಬಂದೆ ಅನ್ನೂದ ಅಕಿಗೆ ತೋರಸ್ಬೇಕು. ಬಾಯ್ಲೆ ಹೇಳಿದ್ರ ತಿಳಿಯಂಗಿಲ್ಲ.”

ತೋರಿಸುವ ದಾರಿಯೂ ಅವನ ತಲೆಯಲ್ಲಿತ್ತು. ಕುವೇತಿನಲ್ಲಿ ಅವನು ಹೋಗುತ್ತಿದ್ದ ಚಹಾದಂಗಡಿಯಲ್ಲೊಂದು ಟೀವಿ. ಅದರಲ್ಲಿ ವಾರಕ್ಕೊಮ್ಮೆ, ಆಕಾಶದ ಹಡಗಿನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ತಿರುಗುವವರ ಕಥೆ. ಮಾತೆಲ್ಲ ಇಂಗ್ಲಿಷ್, ಕೆಳಗೆ ಅರಬ್ಬಿ ಅಕ್ಷರ. ಕಣ್ಣಿಗೆ ಕಂಡಷ್ಟು ಕಥೆ ಅವರದು, ಉಳಿದದ್ದು ಲಾಡಲೇಸಾಬನದು.

“ಆ ಹಡಗಿನಾಗ ಒಂದ ಕಟ್ಟಿ ಐತ್ರಿ. ಅದರ ಮ್ಯಾಲ ನಿಂತ್ರ ಮನಷ್ಯಾ ಮಿಣಮಿಣ ಅಂದು ಮಾಯ ಆಗತಾನ, ಕಣ್ಣ ಮುಚ್ಚಿ ತೆಗಿಯೂದ್ರಾಗ ಬ್ಯಾರೆ ಭೂಮಿ ಮ್ಯಾಲ ನಿಂತಿರ್ತಾನ. ಪಾಸಪೋರ್ಟ ಇಲ್ಲ, ಸಾಹೇಬನ ಕೈಕಾಲ ಹಿಡಿಯೂದಿಲ್ಲ. ನೋಡಿದಾಗೆಲ್ಲ ಅನಕೋತಿದ್ದೆ, ಅಲ್ಲಿ ನಾ ನಿಂತಿದ್ರ ಸೀದಾ ತಿಕೋಟಾದ ದ್ರಾಕ್ಷಿ ಬಳ್ಳಿ ಬುಡಕ ಇಳೀತಿದ್ದೆ.”

ಅಲ್ಲಿನ ಮಾಲೀಕ ಹಳತಾಯಿತೆಂದು ಕೊಟ್ಟ ಕೈಕ್ಯಾಮೆರಾ, ಒಂದು ಪುಟ್ಟ ಪ್ರೊಜೆಕ್ಟರ್, ಒಂದೇ ಒಂದು ರೀಲು ಅವನ ಪೆಟ್ಟಿಗೆಯಲ್ಲಿದ್ದವು. ಮೂರು ನಿಮಿಷದ ಮೂಕ ಚಿತ್ರಕ್ಕಾಗುವಷ್ಟು. ತಾನು ಟೀವಿಯಲ್ಲಿ ನೋಡಿದ್ದನ್ನು ತನ್ನ ಊರಿನಲ್ಲಿ ತನ್ನ ಜನರಿಂದ ಮಾಡಿಸುವುದೆಂದು ಅವನು ಹೊರಟ. ಟೀವಿಯವರ ಅಂಗಿಯ ಮೇಲೊಂದು ಗುರುತು ಇರುತ್ತಿತ್ತಂತೆ, ಎಂಥದೆಂದು ನೆನಪಾಗಲಿಲ್ಲ. ಸಾವಂತ್ರವ್ವ ತನಗೆ ತಿಳಿದಂತೆ ಹಳದಿ ಅಂಗಿಯ ಎದೆಗೆ ಹಸಿರು ಬಟ್ಟೆಯ ದ್ರಾಕ್ಷಿ ಎಲೆ ಕತ್ತರಿಸಿ ಹೊಲಿದಳು.

ಗ್ಯಾರೇಜಿನಲ್ಲಿ ಅರ್ಧ ಕಟ್ಟಿದ ಬಸ್ಸೇ ಆಕಾಶದ ಹಡಗು. ಬೋರಲು ಹಾಕಿದ ಎಣ್ಣೆಯ ಡ್ರಮ್ಮು ಮಾಯದ ಕಟ್ಟೆ. ಇನ್ನೊಂದು ನಕ್ಷತ್ರದವನ ಪಾರ್ಟು ಭಾಗಪ್ಪನಿಗೆ ಬಿತ್ತು. ಮುಖಕ್ಕೆ ಹಸಿರು ಹಚ್ಚಿಕೊಳ್ಳಲು ಒಪ್ಪಿದ, ಮೀಸೆ ತೆಗೆಯಲು ಒಪ್ಪಲಿಲ್ಲ.

“ನಕ್ಷತ್ರದಾಗಿನವರಿಗೆ ಮೀಸಿ ಇರಂಗಿಲ್ಲೋ,” ಎಂದ ಲಾಡಲೇಸಾಬ.

“ನೀ ಎಷ್ಟ ನಕ್ಷತ್ರ ನೋಡಿ? ಯಾವದಾರ ಒಂದರಾಗ ಇರತಾವ, ಸುಮ್ನ ಸಿನಿಮಾ ತೆಗಿ.”

ತೊಡಕು ಬಂದದ್ದು ಮಾಯವಾಗುವುದರಲ್ಲಿ. ಲಾಡಲೇಸಾಬನ ತಾಯಿ ಮಕ್ತುಮಬಿ ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿಕೊಂಡಿದ್ದಳು. ಮಗ ಸಿನಿಮಾದಲ್ಲಿ ಮಾಯವಾಗುತ್ತಾನೆಂದು ಕೇಳಿ ಬಸ್ಸು ಹತ್ತಿ ವಿಜಾಪುರಕ್ಕೇ ಬಂದಳು.

“ಖರೇನ ಹೋಗಿ ನಾಕ ವರ್ಷ ಮಾಯ ಆಗಿದ್ದಿ. ಈಗ ಆಟಕ್ಕೂ ಮಾಯ ಆಗಬೇಕೇನ?”

“ಯಮ್ಮಾ, ಮುಂದ ಬರೂದೂ ಐತಿ. ನಿನ್ನ ತೋಟದಾಗ ಇಳೀತೀನಿ.”

“ಹಂಗಾರ ಮೊದಲ ಬರೂದ ತೆಗಿ. ಮನಿ ಬಿಡುವಾಗ ಬರ್ತೀನಿ ಅಂತ ಹೇಳಿ ಹೋಗ್ತೇವೋ, ಹೋಗ್ತೀನಿ ಅಂತೇವೋ? ಬರೂದ ಮೊದಲ ಆಗಲಿ, ಆಮ್ಯಾಲ ಹೋಗೂದು.”

ಸಾವಂತ್ರವ್ವನಿಗೂ ಅದು ಸರಿ ಎನಿಸಿತು. ಆಕೆಯ ತವರಿನಲ್ಲೂ ಯಾರಾದರೂ ‘ಹೋಗ್ತೀನಿ’ ಎಂದರೆ ಕರೆದು ಕೂಡಿಸಿ, ನೀರು ಕೊಟ್ಟು, ‘ಬರ್ತೀನಿ’ ಎನ್ನಿಸಿಯೇ ಕಳಿಸುತ್ತಿದ್ದರು. ಒಂದು ರವಿವಾರ ತಿಕೋಟಾಕ್ಕೆ ಹೋಗಿ, ಅವನು ತೋಟದಲ್ಲಿ ಬಂದಿಳಿಯುವುದನ್ನು ತೆಗೆದರು. ಮಾಮಾನ ಜೊತೆ ಬಸ್ಸು ಹತ್ತುವುದಿಲ್ಲವೆಂದು ಹಟ ಹಿಡಿದ ಶಹಜಾದಿ ಮದೀನಾಬಿಯೊಡನೆ ಮನೆಯಲ್ಲೇ ಉಳಿದಳು. ಮುಂದಿನ ರವಿವಾರ ಗ್ಯಾರೇಜಿನಲ್ಲಿ ಹೋಗುವುದನ್ನು ತೆಗೆದರು. ಕ್ಯಾಮೆರಾ ಸಾವಂತ್ರವ್ವನ ಕೈಯಲ್ಲಿ. ಮನೆಯಿಂದ ಹೊತ್ತು ತಂದ ಹೊಲಿಗೆ ಮಷೀನಿನ ಹಲಗೆಯ ಮೇಲೆ ಇಟ್ಟು, ಅಲುಗದಂತೆ ಹಿಡಿದು, ಗುಂಡಿ ಬಿಟ್ಟು, ಅವನು ಡ್ರಮ್ಮಿನಿಂದ ಇಳಿದು ಸರಿದ ಮೇಲೆ ಮತ್ತೆ ಒತ್ತಬೇಕು. ಮಾಯ ಎಂದರೆ ಅಷ್ಟೇ.

ರೀಲು ತೊಳೆಸಲು ಮುಂಬೈಗೆ ಹೋಯಿತು. ತಿರುಗಿ ಬರುವಷ್ಟರಲ್ಲಿ ರಜೆಯೇ ಮುಗಿದಿತ್ತು. ಮರುದಿನ ಮುಂಜಾನೆ ಅವನು ಹೊರಡಬೇಕು. ದೀಪ ಹಚ್ಚುವ ಹೊತ್ತಿಗೆ ಎರಡೂ ಮನೆಯವರು ಸಾವಂತ್ರವ್ವನ ಪಡಸಾಲೆಯಲ್ಲಿ ಕೂತರು. ಮಗನನ್ನು ಕಳಿಸಲು ಮಕ್ತುಮಬಿಯೂ ಬಂದಿದ್ದಳು. ಭಾಗಪ್ಪನ ಧೋತರ ಗೋಡೆಯಿಂದ ಗೋಡೆಗೆ ಪರದೆಯಾಯಿತು. ಲಾಡಲೇಸಾಬ ಹಿಂದೆ ಕೂತು ಪ್ರೊಜೆಕ್ಟರ್ ಬಿಟ್ಟ.

ಖಾಲಿ ತೋಟ. ಬಳ್ಳಿಯ ಬುಡದಲ್ಲಿ ತಟ್ಟನೆ ಹಳದಿ ಅಂಗಿಯ ಆಳು.

“ಅವ ನೋಡ, ನಿನ್ನ ಅಬ್ಬಾ,” ಎಂದು ತಾಯವ್ವ ಶಹಜಾದಿಗೆ ತಿವಿದಳು. ಶಹಜಾದಿ ಬಾಯಿ ತೆರೆದು ನೋಡುತ್ತಿದ್ದಳು. ಪರದೆಯ ಮೇಲಿನವನು ನಡೆದು ಬಂದು ಮಕ್ತುಮಬಿಯ ಮುಂದೆ ನಿಂತ. ಆಕೆಗೆ ಬೆರಗಾಗಿ ನೋಡು ಎಂದು ಹೇಳಿಕೊಟ್ಟಿದ್ದರು. ಆಕೆ ಸೆರಗಿನಿಂದ ಮಗನ ಮುಖದ ಬೆವರು ಒರೆಸಿದಳು.

ಮುಂದೆ ಆಕಾಶದ ಹಡಗು, ಸ್ಟೀರಿಂಗ್ ಹಿಡಿದು ಕೂತ ಹಸಿರು ಮುಖದ ಭಾಗಪ್ಪ. ಬಸ್ಸಿನ ಹಣೆಯ ಮೇಲೆ ಅವನೇ ಬರೆದು ಒಣಗಲು ಹಾಕಿದ್ದ ಬೋರ್ಡು: ಬಬಲೇಶ್ವರ.

“ನಕ್ಷತ್ರಕ್ಕ ಹೋಗೂ ಗಾಡಿ ಬಬಲೇಶ್ವರದಾಗ ನಿಂತ ಹೋಗತೈತೇನ್ರಿ ಡ್ರೈವರ್ ಸಾಹೇಬ್ರ?” ಎಂದಳು ಮದೀನಾಬಿ. ಭಾಗಪ್ಪ ಮೀಸೆ ತಿರುವಿ, “ಕೈ ಮಾಡಿದ್ರ ನಿಲ್ಲಸ್ತೀನಿ,” ಎಂದ. ಎಲ್ಲರೂ ನಗುತ್ತಿರುವಾಗಲೇ ಡ್ರಮ್ಮಿನ ಮೇಲೆ ನಿಂತವನು ಕೈ ಎತ್ತಿದ, ಮಾಯವಾದ. ಖಾಲಿ ಡ್ರಮ್ಮು ಒಂದು ಕ್ಷಣ ಕಂಡಿತು. ಆಮೇಲೆ ಬರೀ ಬಿಳಿ ಬೆಳಕು.

ನಗು ನಿಂತಿತು. ರೀಲು ತೆಗೆದ ಕ್ರಮದಲ್ಲೇ ಓಡುತ್ತದೆ, ಹೋಗುವುದೇ ಕೊನೆಗೆ ಬರುತ್ತದೆ ಎಂಬುದು ಆ ಎರಡೂ ರವಿವಾರ ಯಾರಿಗೂ ಹೊಳೆದಿರಲಿಲ್ಲ.

ಶಹಜಾದಿ ಎದ್ದು ಹೋಗಿ ಧೋತರ ಎತ್ತಿ ಹಿಂದೆ ಹಣಕಿ ನೋಡಿದಳು. “ಅಬ್ಬಾ ಎಲ್ಲಿ ಹೋದ?”

“ಇಲ್ಲೇ ಅದೀನಿ, ಬೇಟಾ.”

ಅವಳು ಕತ್ತಲಲ್ಲಿ ಕೂತವನನ್ನು ತಿರುಗಿ ನೋಡಿ ತಲೆಯಾಡಿಸಿದಳು. “ನೀ ಅಲ್ಲ. ಅಬ್ಬಾ ಮಾಯ ಆದ.” ಮತ್ತೆ ಧೋತರದ ಹಿಂದೆ ಹಣಕಿದಳು.

ಮಕ್ತುಮಬಿ ಕೆನ್ನೆಯ ಮೇಲೆ ಕೈಯಿಟ್ಟು ಕೂತುಬಿಟ್ಟಳು. ಸಾವಂತ್ರವ್ವ ಎದ್ದು ದೀಪ ಹಾಕಿದಳು. ಗೂಟದಲ್ಲಿದ್ದ ಹಳದಿ ಅಂಗಿ ತಂದು ಲಾಡಲೇಸಾಬನ ಮಡಿಲಿಗೆ ಹಾಕಿ, “ಮೊದಲ ಹಾಕ್ಕೋರಿ,” ಎಂದಳು.

ಅವನು ಹಾಕಿಕೊಂಡ. ಶಹಜಾದಿ ಧೋತರದ ಚುಂಗು ಬಿಟ್ಟು ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ಎದೆಯ ಮೇಲಿನ ದ್ರಾಕ್ಷಿ ಎಲೆಯನ್ನು ಬೆರಳಿನಿಂದ ಮುಟ್ಟಿದಳು, ಉಗುರಿನಿಂದ ಕೆರೆದಳು, ಮುಖ ನೋಡಿದಳು.

“ಬಂದಿ?”

“ಬಂದ್ನೆವ್ವಾ.”

ಅವಳು ಅವನ ತೊಡೆಯ ಮೇಲೆ ಕೂತಳು, ಮತ್ತೆ ಜಾರಲಿಲ್ಲ. ತಾಯವ್ವ ಇದೇ ಸಮಯವೆಂದು, “ಕಾಕಾ, ಅಲ್ಲಿ ರೊಟ್ಟಿ ಇದ್ವೇನ?” ಎಂದು ಕೇಳಿದಳು. “ರೊಟ್ಟಿ ಇದ್ವು, ತಾಯಿ,” ಎಂದ ಲಾಡಲೇಸಾಬ. “ಬಡಿಯಾವ್ರ ಇದ್ದಿದ್ದಿಲ್ಲ.” ಮದೀನಾಬಿ ಆಚೆ ಮುಖ ತಿರುಗಿಸಿದಳು.

ಮಗು ಹಾಗೆಯೇ ನಿದ್ದೆ ಹೋದ ಮೇಲೆ, ಅಲುಗದಂತೆ ಕೂತು, ಅವನು ಸಾವಂತ್ರವ್ವನನ್ನು ಕರೆದ. ಅಂಗಿಯನ್ನು ತಾನು ಒಯ್ಯುವುದಾಗಿಯೂ, ಬರುವಾಗ ಅದನ್ನೇ ತೊಟ್ಟು ಬರುವುದಾಗಿಯೂ ಹೇಳಿದ. ಆಮೇಲೆ ರೀಲಿನ ಡಬ್ಬಿಯನ್ನೂ ಒಂದು ಸಣ್ಣ ಬಾಟಲಿಯನ್ನೂ ಅವಳ ಕಡೆ ಸರಿಸಿದ.

“ಟಾಕೀಜಿನಾಗ ರೀಲ ಹಚ್ಚಾವನ ಕಡಿಂದ ಅಂಟ ಇಸ್ಕೊಂಡೀನ್ರಿ. ತಗಡ ಕತ್ತರಸ್ಕೋತ ಬೆಳದಾಂವ ನಾ, ಇದಕ್ಕ ಕತ್ತರಿ ಹಚ್ಚಾಕ ಕೈ ಬರವಲ್ದು. ನಾ ಹೋದ ಮ್ಯಾಲ ಇಕಿ ದಿನಾ ತೋರಸಂತಾಳ, ದಿನಾ ನಾ ಹೋಗೂದ್ರಾಗ ಮುಗೀತೈತಿ. ನಿಮ್ಮ ಕೈ ನೆಟ್ಟಗೈತಿ, ವೈನಿ. ಹೋಗೂದನ್ನ ಕತ್ತರಿಸಿ ಮೊದಲಿಗೆ ಹಚ್ರಿ. ನಾ ಬಳ್ಳಿ ಬುಡಕ ಇಳಿಯೂದು ಕಡೀಕ ಬರಲಿ.”