ಮುಖ ಬೇಡವಂತೆ, ಮೊಣಕೈ ಸಾಕಂತೆ

ಊಟದ ಹೊತ್ತಿನಲ್ಲೂ ತಲೆ ಎತ್ತಿ ನನ್ನನ್ನು ನೋಡದ ಮೊಮ್ಮಗಳು ಇವತ್ತು ಬೆಳಿಗ್ಗೆ, "ಅಜ್ಜಿ, ನನ್ನ ಕಾಮಿಕ್ಸ್‌ಗೆ ನಿಮ್ಮನ್ನ ನೋಡ್ಕೊಂಡು ಚಿತ್ರ ಬರೀಬೇಕು, ಮಧ್ಯಾಹ್ನ ಕೂತ್ಕೋತೀರಾ?" ಎಂದಳು. ನಾನು ತಲೆ ಬಾಚಿ, ನಗರ್ತಪೇಟೆಯಲ್ಲಿ ಕೊಂಡ ರೇಷ್ಮೆ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತೆ, ಸ್ನೇಹಿತರೇ.

ಅವಳು ಬಂದವಳೇ ನೆಲದ ಮೇಲೆ ಅಂಗಾತ ಮಲಗಿದಳು. "ಸೆರಗು ಸರಿಸಿ. ಕೈ ನನ್ನ ಕಡೆ ಚಾಚಿ, ಮೊಣಕೈ ಸ್ವಲ್ಪ ಮಡಚಿ. ಹತ್ತಿರ ಇರೋದು ದೊಡ್ಡದಾಗಿ ಕಾಣ್ಬೇಕು, ಅದೇ ನಂಗೆ ಬರ್ತಿಲ್ಲ." ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಎದ್ದಳು.

"ಮುಖ?" ಎಂದೆ.

"ಮುಖ ಬೇಡ ಅಜ್ಜಿ. ನನ್ನ ಕಾಮಿಕ್ಸ್‌ನಲ್ಲಿ ಹಾರೋ ಹುಡುಗಿಗೆ ಕೈ ಸರಿ ಬರ್ತಿರ್ಲಿಲ್ಲ, ಅಷ್ಟೇ."

ಹೋಗಿ ರೂಮಿನ ಬಾಗಿಲು ಹಾಕಿಕೊಂಡಳು. ಸೀರೆ ಬದಲಾಯಿಸಲು ಮನಸ್ಸಾಗದೆ ನಾನು ಸಂಜೆಯವರೆಗೂ ಅಲ್ಲೇ ಕೂತಿದ್ದೆ.

ಆಮೇಲೆ ಬಂದು ಚಿತ್ರ ತೋರಿಸಿದಳು. ಮೋಡದ ಮೇಲೆ ಹಾರುವ ಹುಡುಗಿಗೆ ನನ್ನ ಕೈ, ನನ್ನ ಹಸಿರು ಬಳೆ.

"ನಾಳೆ ಕಾಲು ಬೇಕು ಅಜ್ಜಿ."

"ಫೋಟೋ ತೆಗೆಯೋಕೆ ಬಿಡಲ್ಲ. ಎದುರಿಗೆ ಕೂತು ಬರಿ," ಎಂದು ಗದರಿದೆ.

"ಪಾದ ಬರೆಯೋಕೆ ತುಂಬಾ ಹೊತ್ತಾಗತ್ತೆ," ಎಂದು ಗೊಣಗಿದಳು.

ಆಗಲಿ ಬಿಡಿ. ನನಗೆ ಎರಡು ಪಾದಗಳಿವೆ.