ಮರದ ಎಳೆ ನೋಡಿದ ಹುಡುಗಿ

ನಾನು ರೋಣದ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿ. ನಮ್ಮ ಹುಡುಗಿಯರ ಬೇಸ್‌ಬಾಲ್ ತಂಡ ಪಂದ್ಯಾವಳಿಗೆ ಹೊರಟಾಗ, ಬಾಳಿಕೆ ಬರುವ ಮರದ ಬ್ಯಾಟು ಕೊಳ್ಳಲು ನಾಯಕಿಯನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೋಗಿದ್ದೆ. ಅವಳ ಅಪ್ಪ ಅಬ್ಬಿಗೇರಿಯಲ್ಲಿ ಬಡಿಗತನ ಮಾಡುವವರು. ನನಗೆ ಹಿಡಿಸಿದ ಹಗುರ ಬ್ಯಾಟನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು.

"ಟೀಚರ್, ಹಿಡಿಕಿ ಹತ್ರ ಮರದ ಎಳಿ ಅಡ್ಡ ಹೋಗ್ಯಾವ್ರಿ. ಲಗೂ ಮುರೀತೈತ್ರಿ," ಎಂದು, ಪಕ್ಕದ ಭಾರದ ಬ್ಯಾಟು ತೋರಿಸಿದಳು. "ಅದರ ಎಳಿ ನೆಟ್ಟಗ ಅದಾವ್ರಿ."

"ಅಷ್ಟು ವಜ್ಜಿ ಬೀಸಾಕ ನಿಮ್ಮ ಹುಡುಗ್ಯಾರ ಕೈಲೆ ಆಗಂಗಿಲ್ಲ, ಸುಮ್ನಿರು," ಎಂದೆ. ಅಂಗಡಿಯವರ ಮುಂದೆ ಅವಳು ನನ್ನನ್ನು ತಿದ್ದಿದ್ದು ನನಗೆ ಇಷ್ಟವಾಗಿರಲಿಲ್ಲ. ಹಗುರ ಬ್ಯಾಟನ್ನೇ ಕೊಂಡೆ.

ನರಗುಂದದ ತಂಡದ ಎದುರು ಆಡುವಾಗ ಅವಳ ಕೈಯಲ್ಲೇ ಬ್ಯಾಟು ಮುರಿಯಿತು. ಹಾರಿದ ತುಂಡು ಚೆಂಡೆಸೆದ ಹುಡುಗಿಯ ಹುಬ್ಬಿಗೆ ಬಡಿದು ರಕ್ತ ಸುರಿಯಿತು. ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಕಣ್ಣು ಉಳಿಯಿತು. "ಆಟದಾಗ ಹಿಂಗ ಆಗ್ತಾವ್ರಿ," ಎಂದು ನಾನು ಎಲ್ಲರಿಗೂ ಹೇಳಿದೆ. ನಾಯಕಿ ತನ್ನ ಅಂಗೈ ನೋಡಿಕೊಂಡು ಅಳುತ್ತಿದ್ದಳು. ಅಂಗಡಿಯಲ್ಲಿ ಆಡಿದ ಮಾತನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಮೂರು ದಿನ ಬಿಟ್ಟು ಕೊಣ್ಣೂರಿಗೆ, ಗಾಯಗೊಂಡ ಹುಡುಗಿಯ ಮನೆಗೆ ಹೋಗಿ ಅವಳ ತಾಯಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಮುರೀತೈತಿ ಅಂತ ಗೊತ್ತಿದ್ದೂ ತಂದ್ರೇನ್ರಿ?"

"ಹೌದ್ರಿ. ತಪ್ಪು ನಂದು, ನಮ್ಮ ಹುಡುಗೀದಲ್ಲ."

"ಇದನ್ನ ನಿಮ್ಮ ಹುಡುಗಿಗೆ ಹೇಳೀರೇನ್ರಿ?" ಎಂದರು ಆಕೆ.

ಹೇಳಿರಲಿಲ್ಲ. ಅಲ್ಲಿಂದ ನೇರ ಅಬ್ಬಿಗೇರಿಗೆ ಹೋಗಿ, ತಪ್ಪು ನನ್ನದೆಂದು ನಾಯಕಿಗೆ ಹೇಳಿದೆ. "ಆತ್ರಿ ಟೀಚರ್," ಎಂದಳು, ಅಷ್ಟೇ. ಆ ವರ್ಷ ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ.